ಎರಡು ಕೊಟ್ಟು ಒಂದು ಕೊಳ್ಳುವ ಮುನ್ನ

ಕಾಸರಗೋಡು ಜಿಲ್ಲೆಯ ಚೆರ್ಕಳದಲ್ಲಿ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಜಾಲ್ಸೂರಿನ ಕಡೆಗೆ ತಿರುಗಿದರೆ ಕಾರು ಓಡಿಸುವುದನ್ನು ಪ್ರೀತಿಸುವವರಿಗೆ ಹೇಳಿ ಮಾಡಿಸಿದಂಥ ರಸ್ತೆ ಸಿಗುತ್ತದೆ. ಬೋವಿಕಾನ, ಕೋಟೂರು, ಕಾರಡ್ಕ, ಮುಳ್ಳೇರಿಯ, ಆದೂರು, ಕೊಟ್ಯಾಡಿ, ಪಂಜಿಕಲ್ಲು ದಾಟಿ ಸುಳ್ಯದ ಹತ್ತಿರ ಕರ್ನಾಟಕವನ್ನು ಮುಟ್ಟುವ ಈ ಅಂತಾರಾಜ್ಯ ರಸ್ತೆಯ ಉದ್ದ ಸುಮಾರು 40 ಕಿಲೋಮೀಟರ್. ನೇರವಾಗಿ ಹೋಗುವ ಜಾಗ ಕಡಿಮೆ. ಏರು, ಇಳಿತ, ತಿರುವು, ಮತ್ತೆ ಏರು. ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ಮುರಕಲ್ಲಿನ ಗುಡ್ಡೆ.

ಈ ರಸ್ತೆಯ ಬದಿಯ ಮನೆಗಳಲ್ಲಿ ಹಳೆಯ ವೇಗದ ಕಾರುಗಳನ್ನು ಮಕ್ಕಳ ಹಾಗೆ ಸಾಕಿಕೊಂಡವರು ಕೆಲವರಿದ್ದಾರೆ. ಅವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇರುವುದನ್ನೆಲ್ಲ ಕೊಟ್ಟು, ಸಣ್ಣಂದಿನಿಂದ ಮನಸ್ಸಿನಲ್ಲಿಟ್ಟುಕೊಂಡ ಆ ಒಂದು ಕಾರನ್ನು ತೆಗೆದುಬಿಡಲೇ? ನನ್ನ ಮಟ್ಟಿಗೂ ಈ ಪ್ರಶ್ನೆ ಬರಿಯ ಹರಟೆಯದ್ದಲ್ಲ. ನನ್ನ ಅಂಗಳದಲ್ಲಿರುವುದು 2002ರ ಹೋಂಡಾ ಸಿಟಿ ವಿಟೆಕ್ ಮತ್ತು 2016ರ ಅಬಾರ್ತ್ ಪುಂಟೊ. ಕನಸಿನಲ್ಲಿರುವುದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಹಿಂದೆ ಅದು ನಮ್ಮ ದೇಶದಲ್ಲಿ ಮಾರಾಟಕ್ಕೇ ಇರಲಿಲ್ಲವಾದ್ದರಿಂದ ಕನಸು ಕಾಣಲು ಖರ್ಚಿರಲಿಲ್ಲ. 2025ರ ಮೇ ತಿಂಗಳಲ್ಲಿ 53 ಲಕ್ಷ ರೂಪಾಯಿ ಬೆಲೆಗೆ ಮೊದಲ ಕಂತಿನಲ್ಲಿ 150 ಕಾರುಗಳು ಬಂದವು. ಅಲ್ಲಿಂದ ಲೆಕ್ಕ ಹಾಕುವ ಕೆಲಸ ಶುರುವಾಯಿತು.

ನಮ್ಮ ಮಟ್ಟದ ಸ್ಪೋರ್ಟ್ಸ್ ಕಾರುಗಳು

ಎರಡು ಬಾಗಿಲಿನ, ತಗ್ಗಾದ, ನಿಜವಾದ ಸ್ಪೋರ್ಟ್ಸ್ ಕಾರು ಭಾರತದ ಮಧ್ಯಮ ವರ್ಗದ ಕೈಗೆ ಸಿಕ್ಕಿದ್ದೇ ಅಪರೂಪ. ಆ ಅಪರೂಪದಲ್ಲಿ ಕರ್ನಾಟಕಕ್ಕೊಂದು ಪಾಲಿದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಡಾಲ್ಫಿನ್ ಫೈಬರ್ ಗಾಜಿನ ಮೈಯ ಪುಟ್ಟ ಎರಡು ಬಾಗಿಲಿನ ಕಾರು. ಮೂಲ ವಿನ್ಯಾಸ ಬ್ರಿಟನ್ನಿನ ರಿಲಯಂಟ್ ಕಿಟನ್‌ನದು. ಮೈ ಹಗುರ, ಎಂಜಿನ್ ತಿರುಗಿಸುತ್ತಿದ್ದದ್ದು ಹಿಂದಿನ ಚಕ್ರಗಳನ್ನು. ರೇಸು, ರ‍್ಯಾಲಿಗಳಲ್ಲಿ ಅದು ದೊಡ್ಡ ಕಾರುಗಳಿಗೆ ನೀರು ಕುಡಿಸಿತು. ಆದರೆ ಸಂಸಾರಸ್ಥರಿಗೆ ಎರಡೇ ಬಾಗಿಲಿನ ಫೈಬರ್ ಕಾರು ಒಪ್ಪಿಗೆಯಾಗಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಅದರ ಕಥೆ ಮುಗಿಯುತ್ತ ಬಂತು. ಆಮೇಲೆ, 1990ರ ದಶಕದ ಕೊನೆಯಲ್ಲಿ, ಬೆಂಗಳೂರು ಮೂಲದ ಸ್ಯಾನ್ ಕಂಪನಿ ಸ್ಟಾರ್ಮ್ ಎಂಬ ಇಬ್ಬರೇ ಕೂರುವ ಕಾರು ತಂದಿತು. ಫೈಬರ್ ಮೈ, ರೆನೊ ಕಂಪನಿಯ 1.2 ಲೀಟರ್ ಎಂಜಿನ್, 60 ಅಶ್ವಶಕ್ತಿ. ಅದನ್ನು ಕೊಂಡವರು ಬೆರಳೆಣಿಕೆಯವರು.

ಹಾಗಾಗಿ ನಮ್ಮವರು ಸ್ಪೋರ್ಟ್ಸ್ ಕಾರಿನ ಖುಷಿಯನ್ನು ಬೇರೆ ಕಡೆ ಹುಡುಕಿದರು. ಮನೆಮಂದಿ ಕೂರಬೇಕು, ಡಿಕ್ಕಿಯಲ್ಲಿ ಅಕ್ಕಿ ಚೀಲ ಹಿಡಿಯಬೇಕು, ಒಬ್ಬನೇ ಇದ್ದಾಗ ಮಾತ್ರ ಕಾರು ಬೇರೆಯೇ ಆಗಬೇಕು. 1998ರಲ್ಲಿ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿ, ಅದರಲ್ಲೂ ಆಮೇಲಿನ 1.5 ವಿಟೆಕ್, ಈ ಆಸೆಯನ್ನು ಪೂರೈಸಿತು. ಮಿತ್ಸುಬಿಶಿ ಲ್ಯಾನ್ಸರ್, ಸೀಡಿಯಾ, ಫಿಯೆಟ್ ಪಾಲಿಯೊ 1.6, ಪೋಲೊ ಜಿಟಿ, 2015ರಲ್ಲಿ ಬಂದ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಎಲ್ಲ ಅದೇ ಬಳಗದವು. ದೇಶದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ವರ್ಷಾನುಗಟ್ಟಲೆ ಧೂಳೆಬ್ಬಿಸಿದವೂ ಜಿಪ್ಸಿ, ಬಲೆನೊ, ವಿಟೆಕ್, ಸೀಡಿಯಾ, ಪೋಲೊಗಳೇ. ಸಹಚಾಲಕನ ಸೀಟಿನಲ್ಲಿ ಕೂತು, ಬರಲಿರುವ ತಿರುವನ್ನು ಓದಿ ಹೇಳುತ್ತ ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೂಸಾ ಶರೀಫ್ ನಮ್ಮ ಕಾಸರಗೋಡು ಜಿಲ್ಲೆಯವರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿಯ ಸುತ್ತುಗಳೇ ನಡೆದಿವೆ. ನಮ್ಮ ಅಂಗಳದ ಕಾರುಗಳು ಬಡವರ ಪರ್ಯಾಯ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ರಸ್ತೆಗೆ ಒಪ್ಪುವ ಸ್ಪೋರ್ಟ್ಸ್ ಕಾರುಗಳೇ ಅವು.

ವಿಟೆಕ್ ಎಂಜಿನ್ನಿನ ಗುಟ್ಟು ಸರಳ. ಗಾಳಿ ಒಳಗೆ ಬಿಡುವ ಕವಾಟಗಳನ್ನು ತೆರೆಯಲು ಅದರಲ್ಲಿ ಎರಡು ಬಗೆಯ ಕ್ಯಾಮ್ ಇದೆ. ನಿಧಾನಕ್ಕೆ ಹೋಗುವಾಗ ಕಡಿಮೆ ತೆರೆಯುವ ಕ್ಯಾಮ್ ಕೆಲಸ ಮಾಡುತ್ತದೆ. ಎಂಜಿನ್ನಿನ ಸುತ್ತು ಏರಿದಾಗ ಎಣ್ಣೆಯ ಒತ್ತಡದಿಂದ ಒಂದು ಪಿನ್ ಸರಿದು, ಹೆಚ್ಚು ತೆರೆಯುವ ಕ್ಯಾಮ್ ಕೆಲಸಕ್ಕೆ ಬರುತ್ತದೆ. ಕಾರಡ್ಕದ ಏರಿನಲ್ಲಿ ಎರಡನೇ ಗೇರಿನಲ್ಲೇ ಹಿಡಿದಿಟ್ಟರೆ ಆ ಬದಲಾವಣೆ ಕಿವಿಗೆ ಕೇಳುತ್ತದೆ, ಬೆನ್ನಿಗೆ ತಾಗುತ್ತದೆ. ಸ್ಪೀಡೋಮೀಟರಿನ ಮುಳ್ಳು ಆಗಿನ್ನೂ ಕಾನೂನಿನ ಒಳಗೇ ಇರುತ್ತದೆ. ಪವರ್ ಸ್ಟೀರಿಂಗ್ ಹಗುರವೇ, ಆದರೂ ಡಾಮರು ಎಲ್ಲಿ ನುಣುಪಾಗಿದೆ, ಎಲ್ಲಿ ಜಲ್ಲಿ ಎದ್ದಿದೆ ಎಂಬ ಸುದ್ದಿ ಅಂಗೈಗೆ ಬಂದು ಮುಟ್ಟುತ್ತದೆ. ನಾನು ಈ ಕಾರನ್ನು ಪ್ರೀತಿಸುವುದು ಈ ಸುದ್ದಿಗಾಗಿ.

ರಸ್ತೆ ಎಷ್ಟು ಕೊಡುತ್ತದೆ?

ಕನಸಿನ ಕಾರಿನ ಮಾತು ಬಂದಾಗ ನಾವು ಮೊದಲು ಕೇಳುವುದು ಅಶ್ವಶಕ್ತಿ ಎಷ್ಟು, ನೂರಕ್ಕೆ ಏರಲು ಎಷ್ಟು ಸೆಕೆಂಡು ಎಂದು. ಗಾಲ್ಫ್ ಜಿಟಿಐಯದ್ದು 245 ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ 5.9 ಸೆಕೆಂಡು. ನನ್ನ ಸಿಟಿಯದ್ದು 106. ಕಾಗದದ ಮೇಲೆ ಹೋಲಿಕೆಯೇ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ನಾನು ದಿನಾ ಓಡಿಸುವ ರಸ್ತೆ ಅದರಲ್ಲಿ ಎಷ್ಟನ್ನು ಬಳಸಲು ಬಿಡುತ್ತದೆ?

ಕೇರಳ ಸರಕಾರ 2023ರ ಜುಲೈಯಲ್ಲಿ ವೇಗದ ಮಿತಿಯನ್ನು ಪರಿಷ್ಕರಿಸಿತು. ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 110 ಕಿಲೋಮೀಟರ್, ಚೆರ್ಕಳ–ಜಾಲ್ಸೂರಿನಂಥ ಸಾಧಾರಣ ರಾಜ್ಯ ಹೆದ್ದಾರಿಯಲ್ಲಿ 80, ಪೇಟೆಯೊಳಗೆ 50. ಸಮತಟ್ಟು ರಸ್ತೆಯಲ್ಲಿ ಒಂದು ಸಾಧಾರಣ ಕಾರು 80ರ ವೇಗ ಉಳಿಸಿಕೊಳ್ಳಲು ಬೇಕಾಗುವುದು ಹೆಚ್ಚೆಂದರೆ ಹತ್ತು ಹದಿನೈದು ಅಶ್ವಶಕ್ತಿ. ಏರು ಹತ್ತಲು, ಲಾರಿಯನ್ನು ದಾಟಲು ಒಂದಷ್ಟು ಜಾಸ್ತಿ ಬೇಕು, ನಿಜ. ಉಳಿದದ್ದೆಲ್ಲ ಬಾನೆಟ್ಟಿನ ಕೆಳಗೆ ಸುಮ್ಮನೆ ಕೂತಿರುತ್ತದೆ, ಬಣ್ಣ ಬಳಿದು ಕಿರೀಟ ಕಟ್ಟಿಕೊಂಡ ಯಕ್ಷಗಾನದ ವೇಷಧಾರಿ ರಂಗಸ್ಥಳಕ್ಕೆ ಹೋಗದೆ ಚೌಕಿಯಲ್ಲೇ ಬೆಳಗು ಮಾಡಿದ ಹಾಗೆ.

ತಿರುವಿನ ಲೆಕ್ಕ ಇನ್ನೂ ಸ್ವಾರಸ್ಯಕರ. 40 ಮೀಟರ್ ತ್ರಿಜ್ಯದ ಒಂದು ತಿರುವು ಎಂದುಕೊಳ್ಳಿ. ಅದರಲ್ಲಿ 50ರ ವೇಗದಲ್ಲಿ ತಿರುಗಿದರೆ ನಮ್ಮನ್ನು ಪಕ್ಕಕ್ಕೆ ತಳ್ಳುವ ಬಲ ಭೂಮಿಯ ಸೆಳೆತದ ಅರ್ಧದಷ್ಟಾಗುತ್ತದೆ. ಪಕ್ಕದಲ್ಲಿ ಕೂತವರು ಬಾಗಿಲಿನ ಮೇಲಿನ ಹಿಡಿಕೆ ಹುಡುಕುವುದು ಆಗಲೇ. ಅದೇ ತಿರುವಿನಲ್ಲಿ ವೇಗವನ್ನು 70ಕ್ಕೆ ಏರಿಸಿದರೆ ಬೇಕಾಗುವ ಹಿಡಿತ ಹೆಚ್ಚುಕಮ್ಮಿ ಇಮ್ಮಡಿ, ಅಂದರೆ ಭೂಮಿಯ ಸೆಳೆತದಷ್ಟೇ. ಸಾಧಾರಣ ಟಯರಿಗೆ ಒಣ ರಸ್ತೆಯಲ್ಲೂ ಅಷ್ಟು ಹಿಡಿತವಿಲ್ಲ. ಈ ಲೆಕ್ಕದಲ್ಲಿ ಕಾರಿನ ಬೆಲೆಯೂ ಇಲ್ಲ, ಅಶ್ವಶಕ್ತಿಯೂ ಇಲ್ಲ, ತೂಕವೂ ಕಳೆದುಹೋಗುತ್ತದೆ. ಉಳಿಯುವುದು ಟಯರು, ಡಾಮರು ಮತ್ತು ವೇಗ. ಮೂರು ಲಕ್ಷದ ಕಾರಿಗೂ ಮೂರು ಕೋಟಿಯ ಕಾರಿಗೂ ಆ ತಿರುವು ಹಾಕುವ ಗೆರೆ ಹೆಚ್ಚುಕಮ್ಮಿ ಒಂದೇ.

ಬ್ರೇಕಿನದ್ದೂ ಹಾಗೆಯೇ. 80ರಲ್ಲಿ ಹೋಗುವಾಗ ಎದುರಿಗೆ ಏನೋ ಕಂಡು, ಕಾಲು ಬ್ರೇಕಿಗೆ ಹೋಗಿ, ಕಾರು ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲಿ 70 ಮೀಟರ್ ಆಸುಪಾಸು ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ಅದು ನೂರು ಮೀಟರ್ ಹತ್ತಿರವಾಗುತ್ತದೆ. ಮುಳಿಯಾರು, ಕಾರಡ್ಕ, ದೇಲಂಪಾಡಿ ಭಾಗದಲ್ಲಿ ರಾತ್ರಿ ರಸ್ತೆಗೆ ಕಾಡುಹಂದಿ ಬರುವುದುಂಟು, ಕಾಡಾನೆಯೂ ಇಳಿದದ್ದುಂಟು. ಕಣ್ಣಿಗೆ ಕಾಣುವ ದೂರಕ್ಕಿಂತ ನಿಲ್ಲಿಸುವ ದೂರ ಜಾಸ್ತಿಯಾದರೆ ಯಾವ ಕಂಪನಿಯ ಬ್ರೇಕೂ ಉಳಿಸುವುದಿಲ್ಲ.

ಇನ್ನು ಹಂಪು. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಒಳದಾರಿಗಳಲ್ಲಿ ಶಾಲೆ, ಮಸೀದಿ, ದೇವಸ್ಥಾನದ ಎದುರು ಊರವರೇ ಸಿಮೆಂಟು ಸುರಿದು ಮಾಡಿದ ಹಂಪುಗಳಿಗೆ ಆ ಅಳತೆ ಗೊತ್ತಿಲ್ಲ. ಗಾಲ್ಫ್ ಜಿಟಿಐಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 14 ಸೆಂಟಿಮೀಟರಿಗಿಂತಲೂ ಕಡಿಮೆ. ನಾಲ್ಕು ಜನ ಕೂತರೆ ಇನ್ನಷ್ಟು ತಗ್ಗುತ್ತದೆ. ಗುಡ್ಡೆಯ ಮೇಲಿನ ಮನೆಗೆ ಮುರಕಲ್ಲಿನ ದಾರಿಯಲ್ಲಿ ಹತ್ತಬೇಕಾದವರು ಶೋರೂಮಿಗೆ ಹೋಗುವ ಮೊದಲು ಒಂದು ಅಳತೆಯ ಟೇಪು ಹಿಡಿದು ತಮ್ಮ ಮನೆಯ ದಾರಿಗೆ ಹೋಗಬೇಕು.

1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಗಾಲ್ಫ್ ಜಿಟಿಐ ಇಲ್ಲಿ ನೆನಪಾಗುತ್ತದೆ. ಜಗತ್ತು ತಲೆದೂಗಿದ ಆ ಕಾರಿಗಿದ್ದದ್ದು 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಎಂಟುನೂರು ಕಿಲೋ ಆಸುಪಾಸು. ಇಂದಿನದು 1,400 ಕಿಲೋ ದಾಟುತ್ತದೆ. ಕ್ಲಚ್ ಒತ್ತಿ ಕೈಯಲ್ಲಿ ಗೇರು ಹಾಕುವ ಅವಕಾಶವೇ ಅದರಲ್ಲಿಲ್ಲ, ಏಳು ಗೇರಿನ ಆಟೊಮ್ಯಾಟಿಕ್ ಮಾತ್ರ. ನನ್ನ ಅಂಗಳದ ಹಳೆಯ ಸಿಟಿಯೇ ಶಕ್ತಿಯಲ್ಲಿ, ಓಡಿಸುವ ಕ್ರಮದಲ್ಲಿ ಆ ಮೊದಲ ಜಿಟಿಐಗೆ ಹತ್ತಿರ. ನಾನು ಯಾವುದಕ್ಕೆ ಆಸೆಪಟ್ಟಿದ್ದೆನೋ ಅದರ ಬಹುಪಾಲು ಮನೆಯಲ್ಲೇ ಇತ್ತು.

ಅಡಿಕೆಯಲ್ಲಿ ಲೆಕ್ಕ

ಹಣದ ಮಾತಿಗೆ ಬರೋಣ. ಬಿಡುಗಡೆಯ ಬೆಲೆಯಾದ 53 ಲಕ್ಷವನ್ನೇ ಹಿಡಿದರೆ, ಕೇರಳದಲ್ಲಿ ಇಷ್ಟು ದುಬಾರಿ ಕಾರಿಗೆ ರಸ್ತೆ ತೆರಿಗೆ ಬೆಲೆಯ ಐದನೇ ಒಂದು ಪಾಲಿಗಿಂತ ಹೆಚ್ಚು. ಅದೇ 11 ಲಕ್ಷದ ಆಸುಪಾಸು. ವಿಮೆ, ಉಳಿದ ಖರ್ಚು ಸೇರಿ ಕಾರು ರಸ್ತೆಗಿಳಿಯುವಾಗ 65 ಲಕ್ಷ ದಾಟುತ್ತದೆ. ಹೊರದೇಶದಲ್ಲಿ ಪೂರ್ತಿ ತಯಾರಾಗಿ ಬರುವ ಕಾರಾದ್ದರಿಂದ ಆ 53 ಲಕ್ಷದೊಳಗೇ ಆಮದು ಸುಂಕದ ದೊಡ್ಡ ಪಾಲು ಅಡಗಿದೆ.

ನನ್ನ ಎರಡೂ ಕಾರು ಮಾರಿದರೆ ಬರುವುದು ಹತ್ತು ಲಕ್ಷದೊಳಗೆ. ಉಳಿತಾಯ ಒಡೆದು ಹದಿನೈದು ಲಕ್ಷ ಹಾಕಿದೆ ಅಂದುಕೊಳ್ಳಿ. ಉಳಿದ 40 ಲಕ್ಷಕ್ಕೆ ಸಾಲ. ಶೇಕಡಾ 9ರ ಬಡ್ಡಿಗೆ ಏಳು ವರ್ಷದ ಸಾಲವಾದರೆ ತಿಂಗಳ ಕಂತು 64 ಸಾವಿರ ರೂಪಾಯಿಗೂ ಮೇಲೆ. ಬಡ್ಡಿಯೇ 14 ಲಕ್ಷ. ನಮ್ಮ ಕಡೆಯವರಿಗೆ ಈ ಲೆಕ್ಕ ಅಡಿಕೆಯಲ್ಲಿ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ. ಕಿಲೋಗೆ 450 ರೂಪಾಯಿ ಎಂದು ಹಿಡಿದರೆ, ತಿಂಗಳು ತಿಂಗಳೂ ಸುಮಾರು 143 ಕಿಲೋ ಸುಲಿದ ಅಡಿಕೆ ಈ ಕಾರಿನ ಹೆಸರಿಗೆ ಹೋಗಬೇಕು. ವರ್ಷಕ್ಕೆ ಹದಿನೇಳು ಕ್ವಿಂಟಾಲ್. ಏಳು ವರ್ಷ. ಅಷ್ಟರಲ್ಲಿ ಕೊಳೆರೋಗ ಬರಬಾರದು, ಎಲೆಚುಕ್ಕಿ ಬರಬಾರದು, ಧಾರಣೆ ಇಳಿಯಬಾರದು.

ಒಳ್ಳೆಯ ಸಂಬಳದವರಿಗೆ, ಗಲ್ಫಿನಲ್ಲಿ ದುಡಿದು ಬಂದವರಿಗೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಅವರು ಕೊಂಡರೆ ತಪ್ಪಿಲ್ಲ, ನನಗೆ ಸಂತೋಷವೇ. ನನ್ನ ಮಾತು ಇಷ್ಟು: ಎರಡು ಕಾರುಗಳ ವಿನಿಮಯ ಎಂದು ನಾವು ಕರೆಯುವುದು ಹೆಚ್ಚಿನ ಸಲ ವಿನಿಮಯವೇ ಅಲ್ಲ. ಕೊಡುವ ಕಾರುಗಳು ಮುಂಗಡಕ್ಕೆ ಮಾತ್ರ ಸಾಲುತ್ತವೆ. ಉಳಿದದ್ದು ಮುಂದಿನ ಏಳು ವರ್ಷದ ದುಡಿಮೆ. ‘ಎರಡು ಕೊಟ್ಟು ಒಂದು ತೆಗೆದೆ’ ಎಂದು ಹೇಳಿಕೊಳ್ಳುವಾಗ ಆ ದುಡಿಮೆಯ ಮಾತು ಬಿಟ್ಟುಹೋಗುತ್ತದೆ.

ಕನಸು ಹಿಡಿಯುವ ಅಡ್ಡದಾರಿ

ಈ ಲೆಕ್ಕ ನೋಡಿ ಹೆದರಿದವರಿಗೆ ಅಡ್ಡದಾರಿ ತೋರಿಸುವವರು ಯಾವಾಗಲೂ ಸಿಗುತ್ತಾರೆ. ತೆರಿಗೆ ಕಡಿಮೆ ಎಂದು ಪುದುಚೇರಿಯಲ್ಲಿ ವಿಳಾಸ ತೋರಿಸಿ ಕಾರು ನೋಂದಾಯಿಸಿ ಕೇರಳದಲ್ಲಿ ಓಡಿಸಿದ ಪ್ರಕರಣಗಳು 2017ರಲ್ಲಿ ದೊಡ್ಡ ಸುದ್ದಿಯಾದವು. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನಲ್ಲಿ ದಾಳಿ ನಡೆಸಿತು. ಭೂತಾನಿನಿಂದ ಗಡಿ ದಾಟಿಸಿ, ಸುಳ್ಳು ಕಾಗದಪತ್ರದಲ್ಲಿ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಕೇರಳಕ್ಕೆ ತಂದು ಮಾರಲಾಗಿದೆ ಎಂಬ ಆರೋಪದ ಮೇಲೆ ಹಲವು ದುಬಾರಿ ವಾಹನಗಳನ್ನು ವಶಪಡಿಸಿಕೊಳ್ಳಲಾಯಿತು. ಕಾರು ಕೊಂಡವನಿಗೆ ಗೊತ್ತಿತ್ತೋ ಇಲ್ಲವೋ, ಕಾರಂತೂ ಅಂಗಳದಿಂದ ಹೋಯಿತು. ಕಡಿಮೆ ಬೆಲೆಗೆ ಕನಸಿನ ಕಾರು ಸಿಗುತ್ತದೆ ಎಂದಾದರೆ ಮೊದಲು ನೋಡಬೇಕಾದ್ದು ಆರ್‌.ಸಿ.ಯ ಪೂರ್ವಾಪರ.

ಗಲ್ಫಿನಲ್ಲಿರುವ ನಮ್ಮವರು ಕೇಳುವ ಪ್ರಶ್ನೆ ಇನ್ನೊಂದು: ದುಬೈಯಲ್ಲಿ ಓಡಿಸುತ್ತಿರುವ ಕಾರನ್ನೇ ಊರಿಗೆ ತರಬಹುದೇ? ಅಲ್ಲಿನ ಕಾರುಗಳ ಸ್ಟೀರಿಂಗ್ ಎಡಗಡೆ. ಬಳಸಿದ ಕಾರನ್ನು ಇಲ್ಲಿಗೆ ಆಮದು ಮಾಡಲು ಸ್ಟೀರಿಂಗ್ ಬಲಗಡೆ ಇರಬೇಕು, ಕಾರು ಮೂರು ವರ್ಷಕ್ಕಿಂತ ಹಳತಾಗಿರಬಾರದು. ದುಬೈ ನಂಬರಿನ ಕಾರುಗಳು ಆಗೊಮ್ಮೆ ಈಗೊಮ್ಮೆ ನಮ್ಮ ರಸ್ತೆಯಲ್ಲಿ ಕಾಣುವುದು ಕಾರ್ನೆ ಎಂಬ ತಾತ್ಕಾಲಿಕ ಪರವಾನಗಿಯ ಮೇಲೆ. ಅವಧಿ ಮುಗಿದ ಮೇಲೆ ಅವು ಹಿಂದಿರುಗಲೇಬೇಕು.

ಗಡಿನಾಡಿನ ನಮಗೆ ಮೂರನೆಯ ಆಸೆಯೊಂದಿದೆ, ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿದ ಕೆ.ಎ. ನಂಬರಿನ ಕಾರು ತಂದು ಹಾಗೆಯೇ ಓಡಿಸುವುದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿಯ ನಂಬರು ಮಾಡಿಸಲೇಬೇಕು. ಎನ್‌ಓಸಿ ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಕೊಡುವವರಿಗೂ ಒಂದು ಎಚ್ಚರಿಕೆ: ಕಾರು ಕೊಟ್ಟು ಹಣ ಎಣಿಸಿದರೆ ಮುಗಿಯಲಿಲ್ಲ, ಫಾರಂ 29 ಮತ್ತು 30 ಹೋಗಿ ಆರ್‌.ಸಿ.ಯಲ್ಲಿ ಹೆಸರು ಬದಲಾಗಬೇಕು. ಹೆಸರು ಬದಲಾಗದೆ ಆ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌.ಸಿ.ಯಲ್ಲಿ ಹೆಸರಿರುವವನ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪ್ರೀತಿಯ ಕಾರನ್ನು ಕಳಿಸಿಕೊಡುವ ಬೇಸರದಲ್ಲಿ ಈ ಕಾಗದದ ಕೆಲಸ ಮರೆತವರು ಅನೇಕರು.

ಇರುವ ಕಾರನ್ನೇ ಕನಸಿನ ಕಾರು ಮಾಡುತ್ತೇನೆಂದು ಎಂಜಿನ್ ಬದಲಿಸುವುದು, ಮೈ ಕತ್ತರಿಸುವುದು ಕೂಡ ದಾರಿಯಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟದ್ದು ಕೇರಳದಿಂದ ಹೋದ ಪ್ರಕರಣದಲ್ಲೇ.

ಕೊಡಬೇಕಾದ ಸಮಯವೂ ಇದೆ

ಇಷ್ಟು ಓದಿದವರು ನಾನು ಮಾರಾಟಕ್ಕೇ ವಿರೋಧಿ ಎಂದುಕೊಳ್ಳಬಾರದು. ಕಾರು ಕೊಡಲೇಬೇಕಾದ ಸಂದರ್ಭಗಳಿವೆ, ಅದನ್ನು ನಮಗೆ ಮೊದಲು ತಿಳಿಸುವುದು ಮಳೆಗಾಲ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಆಟಿ ತಿಂಗಳಲ್ಲಿ ಓಡಿಸದೆ ಟಾರ್ಪಾಲು ಹೊದೆಸಿಟ್ಟ ಕಾರನ್ನು ಶ್ರಾವಣದಲ್ಲಿ ತೆರೆದು ನೋಡಿ. ಸೀಟಿನ ಮೇಲೆ ಬಿಳಿ ಬೂಸ್ಟು, ಸ್ಟೀರಿಂಗಿನ ಮೇಲೆ ಬೂಸ್ಟು, ಒಳಗೆ ಒಂದು ಬಗೆಯ ವಾಸನೆ. ಬ್ರೇಕ್ ಡಿಸ್ಕಿನ ಮೇಲೆ ತುಕ್ಕು. ಟಾರ್ಪಾಲು ಮಳೆಯನ್ನು ತಡೆಯುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿದ್ದರೆ ವಯರಿಂಗು ಹೋಯಿತೆಂದೇ ಲೆಕ್ಕ. ಕಾಲಡಿಯ ಮ್ಯಾಟ್ ಎತ್ತಿ ಕೈ ಇಟ್ಟು ನೋಡಬೇಕು, ಒದ್ದೆಯಿದ್ದರೆ ತುಕ್ಕು ಶುರುವಾಗಿದೆ. ಜಾಕ್ ಕೊಡುವ ಜಾಗದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಸರಿ, ಪೊಳ್ಳು ಸದ್ದು ಬಂದರೆ ತಡಮಾಡಬಾರದು.

ನನ್ನ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಹೇಳುವುದೂ ಇದನ್ನೇ. “ಇಂಥದ್ದು ಕೊಟ್ರೆ ಇನ್ನೊಂದು ಸಿಕ್ಕುದಿಲ್ಲ ಅಣ್ಣ. ಇಡುದಾದ್ರೆ ಮಾತ್ರ ಓಡಿಸ್ಲೇಬೇಕು. ನಿಲ್ಲಿಸಿ ಪೂಜೆ ಮಾಡ್ಲಿಕ್ಕಾದ್ರೆ ಯಾರಿಗಾದ್ರೂ ಕೊಟ್ಟುಬಿಡಿ.”

ಹಳೆಯ ಕಾರಿಗೆ ಕಾನೂನಿನ ಖರ್ಚೂ ಏರುತ್ತಿದೆ. ಖಾಸಗಿ ಕಾರಿನ ಆರ್‌.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಆಮದು ಕಾರಾದರೆ ಅದು 80,000. ಅಂದರೆ ಇಂದಿನ ಕನಸಿನ ಆಮದು ಕಾರಿಗೂ ಮುದಿತನದಲ್ಲಿ ಈ ಬಾಬತ್ತು ಕಾದಿದೆ. ಐವತ್ತು ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರು ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಬಿಡಿಭಾಗದ ಚಿಂತೆ ಬೇರೆ. ಮಾದರಿ ನಿಂತು ವರ್ಷಗಳಾದ ಮೇಲೆ ಒಂದು ಹೆಡ್‌ಲೈಟಿಗೂ ಊರೂರು ಫೋನು ಮಾಡಬೇಕಾಗುತ್ತದೆ.

ಉಳಿಸಿಕೊಂಡವರ, ಕೊಟ್ಟವರ ಉದಾಹರಣೆಗಳೂ ನಮ್ಮ ಮುಂದಿವೆ. ದೇಶದ ಮೊದಲ ಮಾರುತಿ 800ರ ಕೀಲಿಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೈಯಿಂದ ಪಡೆದ ದೆಹಲಿಯ ಹರ್ಪಾಲ್ ಸಿಂಗ್, 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರಲಿಲ್ಲ. ಸಚಿನ್ ತೆಂಡೂಲ್ಕರರಿಗೆ 2002ರಲ್ಲಿ ಉಡುಗೊರೆಯಾಗಿ ಬಂದ ಫೆರಾರಿ 360 ಮೊಡೆನಾ ದೇಶದ ಹುಡುಗರೆಲ್ಲರ ಕನಸಿನ ಕಾರಾಗಿತ್ತು. 2011ರಲ್ಲಿ ಅದು ಸೂರತ್ತಿನ ಉದ್ಯಮಿಯೊಬ್ಬರಿಗೆ ಮಾರಾಟವಾಯಿತು. ಅದೇ ಸಚಿನ್ 2020ರಲ್ಲಿ, ತಮ್ಮ ಮೊದಲ ಕಾರಾದ ಮಾರುತಿ 800 ಯಾರ ಬಳಿ ಇದ್ದರೂ ತಿಳಿಸಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಯಾವ ಕಾರನ್ನಾದರೂ ಕೊಳ್ಳಬಲ್ಲವರೂ ಹುಡುಕಿದ್ದು ಕೈಬಿಟ್ಟ ಆ ಪುಟ್ಟ ಕಾರನ್ನು. ನಮ್ಮ ಪಕ್ಕದ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳನ್ನು ಸಂಗ್ರಹಿಸಿ ಮ್ಯೂಸಿಯಂ ಮಾಡಿದ್ದಾರೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಮ್ಯೂಸಿಯಂ ಎದ್ದಿದೆ. ಅಲ್ಲಿನ ಸಾಲು ಸಾಲು ಕಾರುಗಳ ನಡುವೆ ನಡೆಯುವಾಗ ಅನ್ನಿಸುವುದು, ಕಾಪಾಡುವವರಿದ್ದರೆ ಕೊಡುವುದೂ ಉಳಿಸುವ ದಾರಿಯೇ.

ನಿರ್ಧಾರಕ್ಕೆ ಬರುವ ದಾರಿ

ಹಾಗಾದರೆ ತೀರ್ಮಾನ ಹೇಗೆ? ನನಗೆ ಉಪಯೋಗಕ್ಕೆ ಬಂದ ಕ್ರಮವನ್ನು ಹೇಳುತ್ತೇನೆ. ಮೊದಲು, ಇರುವ ಕಾರುಗಳಲ್ಲಿ ಯಾವುದನ್ನು ನಿಜವಾಗಿ ಓಡಿಸುತ್ತಿದ್ದೇವೆ ಎಂದು ನೋಡಬೇಕು. ನಿಂತೇ ಇರುವುದು ಯಾವುದೋ ಅದನ್ನು ಕೊಡಬಹುದು, ಕನಸಿನ ಕಾರು ಬರಲಿ ಬಿಡಲಿ. ಎರಡನೆಯದಾಗಿ, ಕನಸಿನ ಕಾರನ್ನು ನಮ್ಮದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಮಂಗಳೂರಿನ ಅಥವಾ ಕೊಚ್ಚಿಯ ಶೋರೂಮಿನ ಎದುರಿನ ನಾಲ್ಕು ಪಥದಲ್ಲಿ ಎಲ್ಲ ಕಾರೂ ಚೆನ್ನ. ನಮ್ಮ ಹಂಪು, ನಮ್ಮ ತಿರುವು, ನಮ್ಮ ಮನೆಯ ಏರು, ಅಲ್ಲಿಯೂ ಮುಖದಲ್ಲಿ ನಗು ಉಳಿದರೆ ಮಾತ್ರ ಮುಂದಿನ ಮಾತು. ಮೂರನೆಯದಾಗಿ, ಕೊಳ್ಳುವ ಬೆಲೆಯ ಜೊತೆಗೆ ಐದು ವರ್ಷದ ವಿಮೆ, ಟಯರು, ಸರ್ವೀಸು, ಬಡ್ಡಿ ಬರೆದು ಕೂಡಿಸಬೇಕು, ಮನೆಯವರ ಎದುರಿಗೇ. ನಾಲ್ಕನೆಯದಾಗಿ, ಆ ಕಾರಿನ ಪೂರ್ತಿ ಶಕ್ತಿಯ ರುಚಿ ನೋಡುವುದೇ ಆಸೆಯಾದರೆ ಅದಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ, ಚೆನ್ನೈ ಬಳಿಯ ಇರುಂಗಾಟುಕೋಟೈಯಂಥ ಟ್ರ್ಯಾಕುಗಳಿವೆ. ಸಾರ್ವಜನಿಕ ರಸ್ತೆ ಅದರ ಜಾಗವಲ್ಲ.

ಕೊನೆಯದಾಗಿ, ವಯಸ್ಸು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಗ್ಗಾದ ಸೀಟಿನಿಂದ ಏಳಲು ಮೊಣಕಾಲು ಒಪ್ಪಬೇಕು, ರಾತ್ರಿ ಎದುರಿನ ಬೆಳಕಿಗೆ ಕಣ್ಣು ಒಪ್ಪಬೇಕು. ಮೇಲಿನ ಎಲ್ಲ ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ‘ನಿವೃತ್ತಿಯಾದ ಮೇಲೆ ನೋಡೋಣ’ ಎಂದು ಮುಂದೂಡಬಾರದು. ಕ್ಲಚ್ ಇರುವ ಪೆಟ್ರೋಲ್ ಕಾರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆಸೆಗೂ ಒಂದು ಕಾಲವಿದೆ.

ನನ್ನ ಉತ್ತರಗಳು ಹೌದು ಎಂದು ಬರಲಿಲ್ಲ. ಗಾಲ್ಫ್ ಅದ್ಭುತವಾದ ಕಾರು, ಅದರ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ನಾನು ವಾರವಾರ ಓಡುವುದು ಬೋವಿಕಾನದಿಂದ ಮುಳ್ಳೇರಿಯಕ್ಕೆ, ಕೆಲವೊಮ್ಮೆ ಸುಳ್ಯಕ್ಕೆ, ಅಪರೂಪಕ್ಕೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ. ಈ ದಾರಿಯಲ್ಲಿ ಸಿಟಿಯನ್ನು ನಾನು ಪೂರ್ತಿಯಾಗಿ ಬಳಸುತ್ತೇನೆ, ಅಬಾರ್ತನ್ನು ಮುಕ್ಕಾಲು ಪಾಲು ಬಳಸುತ್ತೇನೆ. ಗಾಲ್ಫನ್ನು ಕಾಲು ಪಾಲೂ ಬಳಸಲಾರೆ. ಬಳಸಲಾಗದ್ದಕ್ಕೆ ಏಳು ವರ್ಷದ ಫಸಲನ್ನು ಕೊಡಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಎರಡೂ ಕಾರು ಉಳಿಯುತ್ತವೆ. 2027ರಲ್ಲಿ ಸಿಟಿಯ ಆರ್‌.ಸಿ. ನವೀಕರಣಕ್ಕೆ ಹತ್ತು ಸಾವಿರ ಎತ್ತಿಡಬೇಕು. ಮಳೆಗೆ ಮುಂಚೆ ಅಬಾರ್ತಿನ ಸಸ್ಪೆನ್ಷನ್ ಬುಷ್ ಬದಲಾಗಬೇಕು, ಎರಡಕ್ಕೂ ಹೊಸ ಟಯರು ಬೀಳಬೇಕು. ತಿರುವಿನಲ್ಲಿ ಕಾರನ್ನು ಹಿಡಿಯುವುದು ಟಯರು ಎಂದು ಗೊತ್ತಿದ್ದ ಮೇಲೆ, ಹಣ ಹಾಕುವುದಾದರೆ ಮೊದಲು ಅಲ್ಲಿಗೇ ಹಾಕಬೇಕು.